ಓಬಳೇಶನ ಬೋಣಿ

ಓಬಳೇಶನ ಮಣ್ಣಿಗೆ ಬಂದವರೆಲ್ಲ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿ ಹೋದರು. ಮೆಡಿಕಲ್ ಶಾಪಿನ ಶಿವಯೋಗಪ್ಪ ಮಾತ್ರ ಮಣ್ಣಿನ ಜೊತೆಗೆ ಒಂದು ಮಾತನ್ನೂ ಹಾಕಿ ಹೋದ. ಹೆಗಲ ಮೇಲಿನ ಟವೆಲ್ಲಿಗೆ ಮೂಗು ಒರೆಸಿಕೊಂಡು, ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ ನಿಟ್ಟುಸಿರು ಬಿಟ್ಟ.

“ಏನ್ ಮಾಡಾದ್ರಿ, ಮನಿಯಾಗ ಮಿರ್ಚಿ ಬಾಣಲಿ ಇಟ್ಕಂಡು ಎದಿ ಬ್ಯಾನಿ ಹೋಗು ಅಂದ್ರ ಹೋಗತೈತೇನು? ನಾನು ಬಾಳ ಹೇಳ್ದೆ. ಹೇಂತಿ ಕೈಯಾಗಿನ ಎಣ್ಣಿ ಅವನ್ನ ತಿಂತು.”

ಆ ಬಾಣಲೆಯ ಒಡತಿ ಉಚ್ಚಂಗೆಮ್ಮ ನಾಲ್ಕು ಮಾರು ದೂರದಲ್ಲಿ ಕೂತಿದ್ದಳು. ಅತ್ತು ಅತ್ತು ಮೈಮೇಲೆ ಎಚ್ಚರವಿರಲಿಲ್ಲ. ಆದರೂ ಆ ಮಾತು ಮಾತ್ರ ಕಾದ ಸೀಸ ಹೊಯ್ದ ಹಾಗೆ ಕಿವಿಗೆ ಇಳಿಯಿತು.

ಕೊಟ್ಟೂರಿನಲ್ಲಿ ಮಾತು ತಿರುಗಾಡುವುದಕ್ಕೆ ಬಸ್ಸು ಬೇಕಿಲ್ಲ. ಮೂರು ದಿನದ ಕಾರ್ಯ ಮುಗಿಯುವುದರೊಳಗೆ ಅದು ಊರೆಲ್ಲ ಸುತ್ತಿ, ತಂಬ್ರಹಳ್ಳಿಯಲ್ಲಿದ್ದ ಓಬಳೇಶನ ಅಕ್ಕ ಸುಮಲತಾಳ ಮನೆಗೂ ಮುಟ್ಟಿತು. “ನನ್ನ ತಮ್ಮನ್ನ ಕರದು ತಿಂದ್ಲು” ಅಂತ ಅವಳು ಮುಂದಿನ ಕಾರ್ಯಕ್ಕೆ ಬರಲೇ ಇಲ್ಲ. ಉಚ್ಚಂಗೆಮ್ಮ ಹೊಟ್ಟೆಪಾಡಿಗೆ ಮತ್ತೆ ಮಿರ್ಚಿ-ಮಂಡಕ್ಕಿ ಗಾಡಿ ಹಚ್ಚಿದಾಗ ಗಿರಾಕಿಗಳು ಬಂದರು, ಇಲ್ಲ ಅನ್ನುವ ಹಾಗಿಲ್ಲ. ಆದರೆ ತಟ್ಟೆ ಹಿಡಿದುಕೊಂಡು, “ಎಣ್ಣಿ ಹೊಸಾದೇನವಾ, ಓಬಳೇಶಂದೇನು?” ಅಂತ ಹಲ್ಲು ಕಿರಿಯುವವರಿಗೇನೂ ಕಡಿಮೆಯಿರಲಿಲ್ಲ. ಅವಳು ಬಾಣಲೆಯ ಕಡೆ ಮುಖ ತಿರುಗಿಸುತ್ತಿದ್ದಳು. ಅವಳಿಗೇ ಒಳಗೊಳಗೆ ಅಳುಕು. ಇದ್ದರೂ ಇರಬಹುದು, ಹಿಂದೆ ತಿನ್ನಿಸಿದ್ದಕ್ಕೆ ನನ್ನ ಬಾಣಲೆಯೇ ತಿಂದಿರಬಹುದು ಅಂತ.

ಓಬಳೇಶ ಪಟ್ಟಣ ಪಂಚಾಯಿತಿಯಲ್ಲಿ ನೀರು ಬಿಡುವವನು. ಕೋಳಿ ಕೂಗುವ ಹೊತ್ತಿಗೆ ಉದ್ದನೆಯ ಕಬ್ಬಿಣದ ಕೀಲಿ ಹೆಗಲಿಗೇರಿಸಿ ಹೊರಟರೆ, ಅವನು ವಾಲ್ವ್ ತಿರುಗಿಸಿದ ಓಣಿಯಲ್ಲಿ ನಲ್ಲಿ ಮಾತಾಡುತ್ತಿತ್ತು. ಶಿವಯೋಗಪ್ಪನ ಅಂಗಡಿಯ ಎದುರಿಗೇ ಒಂದು ವಾಲ್ವು, ಪಕ್ಕದಲ್ಲಿ ಸಾರ್ವಜನಿಕ ನಲ್ಲಿ. ಒಂದು ದಿನ ಓಬಳೇಶ ಬೆಳಿಗ್ಗೆ ಮೊದಲಿಗನಾಗಿ ಆ ಅಂಗಡಿಯಲ್ಲಿ ಶುಂಠಿ ಪೆಪ್ಪರ್‌ಮೆಂಟು ಕೊಂಡ. ಅವತ್ತು ಸಂಜೆಯವರೆಗೂ ಗಿರಾಕಿ ಕಾಲು ತೆಗೆಯಲಿಲ್ಲವಂತೆ. ಅಂದಿನಿಂದ ಶಿವಯೋಗಪ್ಪ ಅವನನ್ನು ಬಿಟ್ಟಿದ್ದರೆ ಕೇಳಿ.

“ನೀರ್ ಬಿಡೋ ಕೈಯಪ್ಪ ನಿಂದು, ಲಕ್ಷ್ಮಿ ಅದಾಳ ಅದರಾಗ. ದಿನಾ ನನ್ನ ಬೋಣಿ ನಿಂದ ಆಗಬೇಕು,” ಅಂದಿದ್ದ.

ಬೋಣಿ ಅಂದರೆ ದಿನದ ಮೊದಲ ವ್ಯಾಪಾರ. ನಮ್ಮ ಕಡೆಯ ಅಂಗಡಿಯವರು ದೇವರನ್ನಾದರೂ ಒಂದು ದಿನ ಮರೆತಾರು, ಬೋಣಿ ಮರೆಯಲಾರರು. ಕಸ ಹೊಡೆದು, ನೀರು ಚಿಮುಕಿಸಿ, ಊದಿನಕಡ್ಡಿ ಹಚ್ಚಿ ಕೂತರೆ, ಬೋಣಿಯಾಗುವ ತನಕ ಉದ್ದರಿ ಇಲ್ಲ, ಚಿಲ್ಲರೆ ಇಲ್ಲ. ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದರೆ ಬೋಣಿ ಮುರಿಯಿತು, ಆ ದಿನ ಕೆಟ್ಟಿತು ಅಂತಲೇ ಲೆಕ್ಕ. ಅದಕ್ಕೇ ಬೋಣಿ ಹೊತ್ತಿನಲ್ಲಿ ಎಂಥ ಜಿಪುಣನೂ ಕೇಳಿದ ದರಕ್ಕೆ ಕೊಟ್ಟಾನು. ಶಿವಯೋಗಪ್ಪನಿಗಂತೂ ಇದು ಹುಚ್ಚೇ ಆಗಿತ್ತು. ಹನ್ನೆರಡು ವರ್ಷ ಓಬಳೇಶ ಮಳೆ ಚಳಿ ಅನ್ನದೆ ಅವನಿಗೆ ಬೋಣಿ ಮಾಡಿದ. ಆ ನಾಣ್ಯವನ್ನು ಶಿವಯೋಗಪ್ಪ ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕುತ್ತಿದ್ದ. ಸಣ್ಣ ಡಬ್ಬಿ ಅಂಗಡಿ ಎರಡು ಷಟರಿನ ಅಂಗಡಿಯಾಯಿತು, ಮೇಲೆ ಮಹಡಿ ಬಂತು.

ಆಮೇಲೆ ಓಬಳೇಶನಿಗೆ ಎದೆ ನೋವು ಬಂತು. ದಾವಣಗೆರೆಯಲ್ಲಿ ಸ್ಟೆಂಟು ಹಾಕಿ, ಕೊಲೆಸ್ಟ್ರಾಲ್ ಗುಳಿಗೆಯನ್ನು ದಿನವೂ ತಪ್ಪಿಸಬೇಡ ಅಂತ ಡಾಕ್ಟರು ಹೇಳಿ ಕಳಿಸಿದರು. ಗುಳಿಗೆ ತುಟ್ಟಿ. ಗುತ್ತಿಗೆ ನೌಕರನ ಕಷ್ಟ ನೋಡಿ ಅವರೇ ಕಂಪನಿಯ ಹಸಿರು ಕಾರ್ಡೊಂದನ್ನೂ ಕೊಟ್ಟರು. ಅದನ್ನು ಊರಿನ ಮೆಡಿಕಲ್ ಶಾಪಿನಲ್ಲಿ ತೋರಿಸಿದರೆ ಒಂದು ಪಟ್ಟಿ ಗುಳಿಗೆ ಕೊಂಡವರಿಗೆ ಎರಡು ಪಟ್ಟಿ ಪುಕ್ಕಟೆ, ಬಡ ರೋಗಿಗಳಿಗೆ ಸಹಾಯ. ಓಬಳೇಶ ಅದನ್ನು ಯಾರ ಕೈಗೆ ಕೊಡಬೇಕು? ತಾನು ದಿನಾ ಬೋಣಿ ಮಾಡುವವನ ಕೈಗೇ ಕೊಟ್ಟ.

ಶಿವಯೋಗಪ್ಪ ಕಾರ್ಡನ್ನು ತಿರುವಿ ಮುರುವಿ ನೋಡಿ ಡ್ರಾಯರಿಗೆ ಹಾಕಿದ. “ಈ ಸ್ಕೀಮು ಬೆಂಗ್ಳೂರು ಹುಬ್ಬಳ್ಳಿಗಷ್ಟ ಐತೋ ತಮ್ಮಾ. ನಮ್ಮ ಕಡಿಗೆ ಬಂದಿಲ್ಲ. ಬಂದ ಕೂಡ್ಲೇ ಮೊದಲು ನಿಂದ. ಅಲ್ಲೀತನಕ ನಿನ್ನ ಬೋಣಿ ಋಣಕ್ಕ ಹತ್ತು ಪರ್ಸೆಂಟ್ ಬಿಡ್ತೀನಿ, ತಗ.”

ಓಬಳೇಶ ಅವನನ್ನು ದೇವರು ಅಂದುಕೊಂಡು ಮನೆಗೆ ಬಂದ. ಹತ್ತು ಪರ್ಸೆಂಟ್ ಬಿಟ್ಟರೂ ಗುಳಿಗೆ ತುಟ್ಟಿಯೇ. ಆಗ ಅವನು ತನ್ನದೇ ಒಂದು ದಾರಿ ಹುಡುಕಿದ. ಕೊಲೆಸ್ಟ್ರಾಲ್ ಅಂದರೆ ಎಣ್ಣೆ. ಎಣ್ಣೆ ತಿಂದ ದಿನ ಗುಳಿಗೆ ತಿಂದರಾಯಿತು. ಮಿರ್ಚಿ ಮುಟ್ಟದಿದ್ದರೆ ಗುಳಿಗೆ ಉಳಿಯಿತು. ಹೆಂಡತಿಯ ಗಾಡಿಯಲ್ಲಿ ಬಿಸಿಬಿಸಿ ಮಿರ್ಚಿ ತೆಗೆಯುವಾಗ ಮೂಗರಳಿಸುತ್ತಿದ್ದನೇ ಹೊರತು, ಆಮೇಲೆ ಸಾಯುವ ತನಕ ಒಂದನ್ನೂ ಬಾಯಿಗೆ ಹಾಕಲಿಲ್ಲ. ಈ ಲೆಕ್ಕವನ್ನು ಅವನು ಶಿವಯೋಗಪ್ಪನ ಮುಂದೆಯೂ ಹೇಳಿ ಮೆಚ್ಚಿಸಿದ್ದ. “ಶಾಣ್ಯಾ ಅದೀಯಪ್ಪ,” ಅಂದಿದ್ದ ಶಿವಯೋಗಪ್ಪ. ದಿನಾ ತಿನ್ನಬೇಕಾದ ಗುಳಿಗೆಯೋ ಅದು ಅಂತ ಬಾಯಿ ಬಿಡಲಿಲ್ಲ. ಒಂದು ಬೆಳಿಗ್ಗೆ ವಾಲ್ವಿನ ಗುಂಡಿಯ ಪಕ್ಕದಲ್ಲೇ ಓಬಳೇಶ ಬಿದ್ದ. ನೀರು ಬಂತು, ಅವನು ಏಳಲಿಲ್ಲ.

ಆ ಹಸಿರು ಕಾರ್ಡು ಏನಾಯಿತು ಅನ್ನುವುದು ಉಚ್ಚಂಗೆಮ್ಮನಿಗೆ ಗೊತ್ತಾದದ್ದು ಹೇಗೆ ಅಂದರೆ, ಓಬಳೇಶ ಸತ್ತು ಅರ್ಧ ವರ್ಷವಾದ ಮೇಲೆ ಒಂದು ಸಂಜೆ ಅವಳ ಗಾಡಿಗೆ ಟೈ ಕಟ್ಟಿಕೊಂಡವನೊಬ್ಬ ಬಂದ. ಔಷಧಿ ಕಂಪನಿಯ ರೆಪ್ಪು, ಹೆಸರು ಕ್ರಾಂತಿಕುಮಾರ್. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಅಂತ ಬೈಕಿನಲ್ಲಿ ಸುತ್ತುವ ಮನುಷ್ಯ, ಹಸಿದಿದ್ದ. ಎರಡನೇ ಮಿರ್ಚಿ ಮುರಿಯುತ್ತ ಕೇಳಿದ:

“ಅಕ್ಕಾರ, ನೀರ್ ಬಿಡೋ ಓಬಳೇಶ್ ಅನ್ನೋರ ಮನಿ ಇಲ್ಲೇ ಎಲ್ಲೋ ಐತಂತಲ್ಲ? ನಮ್ಮ ಸಹಾಯದ ಸ್ಕೀಮಿನಾಗ ಅದಾರ. ಒಂದು ತಿಂಗಳೂ ತಪ್ಪಸದಂಗ ಪುಕ್ಕಟೆ ಗುಳಿಗಿ ತಗಂಡಾರ ನೋಡ್ರಿ. ಅಂಥೋರ ಒಂದು ಫೋಟೋ ಬೇಕು ಅಂದಾರ ಕಂಪನಿಯೋರು.”

ಉಚ್ಚಂಗೆಮ್ಮ ಜಾಲರಿ ಸೌಟನ್ನು ಹಾಗೇ ಹಿಡಿದು ನಿಂತಳು. “ಈ ತಿಂಗಳೂ ತಗಂಡಾರೇನಪ್ಪ?”

“ಹೋದ ವಾರನ ತಗಂಡಾರ.”

ಅವಳು ಒಲೆ ಆರಿಸಿದಳು. ಗಾಡಿಯ ಹಿಂದೆಯೇ ಮನೆ. ಅವನನ್ನು ಕರೆದುಕೊಂಡು ಹೋಗಿ, ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ತೋರಿಸಿದಳು.

“ತಗ ಫೋಟೋ. ನನ್ನ ಗಂಡ. ಬದುಕಿದ್ದಾಗ ಒಂದೂ ಪುಕ್ಕಟೆ ಸಿಗದ ಗುಳಿಗಿ, ಸತ್ತ ಮ್ಯಾಲ ತಿಂಗಳಾ ತಗಣಾಕತ್ತಾನ.”

ಕ್ರಾಂತಿಕುಮಾರ ಟೈ ಸಡಿಲಿಸಿಕೊಂಡ. ಎಲ್ಲ ಬಿಡಿಸಿ ಹೇಳಿದ. ಓಬಳೇಶನ ಕಾರ್ಡಿನ ಮೇಲೆ ಮೊದಲ ತಿಂಗಳಿನಿಂದಲೂ ಶಿವಯೋಗಪ್ಪನ ಅಂಗಡಿಗೆ ಪುಕ್ಕಟೆ ಪಟ್ಟಿ ಹೋಗುತ್ತಲೇ ಇದ್ದವು. ಅವನು ಅವುಗಳನ್ನು ಬೇರೆಯವರಿಗೆ ಪೂರಾ ದರಕ್ಕೆ ಮಾರಿಕೊಂಡಿದ್ದ. “ಕಂಪನಿಗೆ ಹೇಳ್ತೀನ್ರಿ ಅಕ್ಕಾರ, ಆದ್ರ ಅವ್ರು ಕಾರ್ಡ್ ಬಂದ್ ಮಾಡಿ ಕೈ ತೊಳ್ಕಂತಾರ. ನನ್ನ ಹೆಸರು ಮಾತ್ರ ತರಬ್ಯಾಡ್ರಿ,” ಅಂತ ಕೈ ಮುಗಿದು ಹೋದ.

ಉಚ್ಚಂಗೆಮ್ಮ ಅವತ್ತು ಅಳಲಿಲ್ಲ. ಅವಳ ಹೊಟ್ಟೆಯೊಳಗೆ ಅರ್ಧ ವರ್ಷದಿಂದ ಕೂತಿದ್ದ ಅಳುಕು ಎದ್ದು ಹೋಯಿತು. ಅದು ಕೂತಿದ್ದ ಜಾಗದಲ್ಲಿ ಸಿಟ್ಟು ಬಂದು ಕೂತಿತು. ಶಿವಯೋಗಪ್ಪನ ಹಣೆ ತುಂಬ ವಿಭೂತಿ, ಬಾಯಿ ತುಂಬ ಶರಣರ ಮಾತು! ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಗುಳಿಗೆ ತಿಂದವನು ಅವನು, ಗಂಡನನ್ನು ತಿಂದವಳು ಅನ್ನಿಸಿಕೊಂಡವಳು ತಾನು. ಅವನು ಯಾವ ಬಾಯಿಂದ ಆ ಮಾತು ಆಡಿದನೋ ಅದೇ ಬಾಯಿಂದ, ನಾಲ್ಕು ಜನರ ಮುಂದೆ, ಅದನ್ನು ಹಿಂದಕ್ಕೆ ನುಂಗಬೇಕು. ಅಲ್ಲಿಯ ತನಕ ಬಿಡಬಾರದು ಅಂತ ತೀರ್ಮಾನ ಮಾಡಿದಳು. ಪೊಲೀಸು, ಕೋರ್ಟು ಅಂದರೆ ಅವನ ಹತ್ತಿರ ವಕೀಲರಿದ್ದರು. ಅವನಿಗೆ ಎಲ್ಲಿ ಒತ್ತಿದರೆ ನೋಯುತ್ತದೆ ಅನ್ನುವುದು ಓಬಳೇಶನ ಹೆಂಡತಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿದ್ದೀತು?

ಮರುದಿನ ಶಿವಯೋಗಪ್ಪ ಷಟರ್ ಎತ್ತಿ, ಊದಿನಕಡ್ಡಿ ಹಚ್ಚಿ ತಿರುಗಿದರೆ, ಮೆಟ್ಟಿಲ ಮೇಲೆ ಬೋಳು ಹಣೆಯ ಉಚ್ಚಂಗೆಮ್ಮ.

“ಕೊಲೆಸ್ಟ್ರಾಲ್ ಗುಳಿಗಿ ಎಷ್ಟ್ರಿ ಸಾವ್ಕಾರ್ರ?”

ಬೆಳಿಗ್ಗೆ ಬೆಳಿಗ್ಗೆ ವಿಧವೆಯ ಮುಖ, ಅದೂ ಬೋಣಿಗೆ! ಆದರೂ ಬೋಣಿ ಬೋಣಿಯೇ. ದರ ಹೇಳಿದ.

“ಬ್ಯಾಡ,” ಅಂದು ಉಚ್ಚಂಗೆಮ್ಮ ಬರಿಗೈ ಬೀಸಿಕೊಂಡು ಮೆಟ್ಟಿಲು ಇಳಿದಳು.

ಬೋಣಿ ಮುರಿಯಿತು. ಮರುದಿನ ಮತ್ತೆ ಅವಳೇ. ಅದರ ಮರುದಿನವೂ ಅವಳೇ. ಶಿವಯೋಗಪ್ಪ ಬೇಗ ತೆಗೆದರೆ ಅವಳು ಇನ್ನೂ ಬೇಗ ಬಂದು ಕೂತಿರುತ್ತಿದ್ದಳು. ತಡವಾಗಿ ತೆಗೆದರೆ ಕೂತೇ ಇರುತ್ತಿದ್ದಳು. ಹೆಂಡತಿ ಪುಷ್ಪಲತಾಳ ಕೈಯಿಂದ ಕೊಳ್ಳಿಸಿ ನೋಡಿದ. “ಮನಿಯೋರ ದುಡ್ಡು ಮನಿಯೋರ ಗಲ್ಲಾಕ್ಕ ಹಾಕಿದ್ರ ಬೋಣಿ ಆಗತೈತೇನ್ರಿ?” ಅಂತ ಅವಳೇ ಮೂಗು ಮುರಿದಳು. ಎದುರಿನ ಚಹಾದಂಗಡಿಯ ಗಾದೆಪ್ಪನನ್ನು ಕರೆದ. ಗಾದೆಪ್ಪ ಮೆಟ್ಟಿಲ ತನಕ ಬಂದು, ಉಚ್ಚಂಗೆಮ್ಮನನ್ನು ನೋಡಿ ತಲೆ ಕೆರೆದುಕೊಂಡ. “ಓಬಳೇಶ ನಿಂದ್ರತಿದ್ದ ಜಾಗದಾಗ ನಿಂತಾಳ ಮಾರಾಯ. ನಾ ದಾಟಿ ಬರಂಗಿಲ್ಲ,” ಅಂದು ಚಹಾ ಕಾಯಿಸಲು ಹೋದ.

ಕೊನೆಗೆ ಶಿವಯೋಗಪ್ಪನಿಗೆ ಹೊಳೆದದ್ದು ರಿಯಾಯಿತಿ. ಎಷ್ಟಕ್ಕಾದರೂ ಕೊಟ್ಟು ಅವಳ ಕೈಯಿಂದ ಒಂದು ನಾಣ್ಯ ಇಸಿದುಕೊಂಡರೆ ಬೋಣಿಯಾದರೂ ಉಳಿಯುತ್ತದೆ!

“ಇಪ್ಪತ್ತು ಪರ್ಸೆಂಟ್ ಬಿಡ್ತೀನಿ, ತಗಳವಾ,” ಅಂದ.

ಉಚ್ಚಂಗೆಮ್ಮ ನಲ್ಲಿಯ ಹತ್ತಿರ ಕೊಡ ಇಟ್ಟು ನಿಂತಿದ್ದ ಹೆಂಗಸರ ಕಡೆ ತಿರುಗಿ ಗಂಟಲೆತ್ತಿದಳು: “ಕೇಳಿಸ್ತೇನ್ರೇ? ಕೊಲೆಸ್ಟ್ರಾಲ್ ಗುಳಿಗಿ ಇಪ್ಪತ್ತು ಬಿಡ್ತಾರಂತ! ನನಗ ಬ್ಯಾಡ, ನಿಮಗ ಬೇಕಾದ್ರ ನೋಡ್ರಿ!”

ನಲ್ಲಿಯ ಹತ್ತಿರ ನಿಂತವರಲ್ಲಿ ಒಬ್ಬೊಬ್ಬರ ಮಾವನಿಗೋ, ಅತ್ತೆಗೋ, ತಮಗೋ ಆ ಗುಳಿಗೆ ಇದ್ದೇ ಇತ್ತು. ಕೊಡ ಬಿಟ್ಟು ಅಂಗಡಿಗೆ ಬಂದರು. “ಆಕಿಗೆ ಇಪ್ಪತ್ತು, ನಮಗ್ಯಾಕ ಪೂರಾ ದರ?” ಅಂತ ಹಿಡಿದುಕೊಂಡರು. ಆಕೆಗೆ ಕೊಟ್ಟಿಲ್ಲವಲ್ಲ ಅನ್ನುವ ಹಾಗೂ ಇಲ್ಲ, ಕೊಡುತ್ತೇನೆ ಅಂದದ್ದನ್ನು ಓಣಿಯೇ ಕೇಳಿಸಿಕೊಂಡಿತ್ತು. ಮರುದಿನ ಶಿವಯೋಗಪ್ಪ ದನಿ ತಗ್ಗಿಸಿ ಮೂವತ್ತು ಅಂದ. ಉಚ್ಚಂಗೆಮ್ಮ ದನಿ ಎತ್ತರಿಸಿ ಮೂವತ್ತು ಅಂದಳು. ಹೀಗೆ ಅವನು ಅವಳಿಗೆ ಬಿಟ್ಟ ದರವೆಲ್ಲ ಮಧ್ಯಾಹ್ನದೊಳಗೆ ಊರ ದರವಾಗುತ್ತ ಹೋಯಿತು. ಅರ್ಧಕ್ಕೆ ಇಳಿದ ದಿನ ಅವಳು ನಕ್ಕಳು.

“ಅರ್ಧಕ್ಕ ಕೊಟ್ರೂ ನಿಮಗ ಗಿಟ್ಟತೈತಿ ಅಂದ್ರ, ಇಷ್ಟು ವರ್ಷ ಎಷ್ಟು ತಿಂದ್ರಿ ಸಾವ್ಕಾರ್ರ? ನೋಡ್ರೇ, ಎಚ್.ಬಿ. ಹಳ್ಳಿಯಾಗ ಸರ್ಕಾರದ ಜನೌಷಧಿ ಅಂಗಡಿ ಐತಿ. ಅಲ್ಲಿ ಇದಕ್ಕಿಂತ ಅಗ್ಗ. ಡಾಕ್ಟ್ರನ್ನ ಕೇಳ್ಕಂಡು ಅಲ್ಲೇ ತಗಳ್ರಿ.”

ಜನ ಬಸ್ ಹತ್ತಿದರು. ಹೋದವರು ಪಕ್ಕದ ಮನೆಯವರಿಗೂ ತಂದರು. ಶಿವಯೋಗಪ್ಪನ ಬೆಂಚು ಖಾಲಿಯಾಯಿತು. ಅದೇ ವಾರ ಫ್ರಿಜ್ಜು ಕೆಟ್ಟು ಇನ್ಸುಲಿನ್ ಹಾಳಾಯಿತು, ಮಹಡಿಯ ಬಾಡಿಗೆದಾರ ಬಿಟ್ಟು ಹೋದ. ಫ್ರಿಜ್ಜು ಹಳೆಯದಾಗಿತ್ತು, ಬಾಡಿಗೆದಾರನಿಗೆ ವರ್ಗವಾಗಿತ್ತು. ಶಿವಯೋಗಪ್ಪನ ಕಣ್ಣಿಗೆ ಮಾತ್ರ ಎಲ್ಲದರ ಹಿಂದೆಯೂ ಮುರಿದ ಬೋಣಿಯೇ ಕಾಣುತ್ತಿತ್ತು.

ನೆರೆಮನೆಯ ಭರಮಮ್ಮ ಒಂದು ದಿನ ಉಚ್ಚಂಗೆಮ್ಮನ ಕೈ ಹಿಡಿದುಕೊಂಡಳು. “ಸಾಕು ಬಿಡ ತಂಗಿ. ಸತ್ತೋನು ಎದ್ದು ಬರ್ತಾನೇನು?”

“ಬರಂಗಿಲ್ಲಕ್ಕ. ಅದಕ್ಕ ಅವನ ಬದಲಿ ನಾ ಹೊಂಟೀನಿ.”

ಹಾಗಂತ ಅವಳಿಗೆ ಇದು ಆಟವಾಗಿರಲಿಲ್ಲ. ಆ ಮೆಟ್ಟಿಲ ಮೇಲೆ ನಿಂತಾಗಲೆಲ್ಲ ಎದುರಿಗೆ ಗಂಡ ಬಿದ್ದ ಗುಂಡಿ ಕಾಣುತ್ತಿತ್ತು. ಕಂಡಷ್ಟೂ ಸಿಟ್ಟು ಗಟ್ಟಿಯಾಗುತ್ತಿತ್ತು. ಆ ಸಿಟ್ಟು ಅವಳಿಗೆ ಖುಷಿ ಕೊಡುತ್ತಿತ್ತು, ಅದನ್ನು ಅವಳೇನೂ ಮುಚ್ಚಿಡಲಿಲ್ಲ.

ಒಂದು ಸಂಜೆ ಶಿವಯೋಗಪ್ಪನೇ ಗಾಡಿಯ ಹತ್ತಿರ ಬಂದ. ವಿಭೂತಿ ಬೆವರಿಗೆ ಇಳಿದಿತ್ತು. ಗಿರಾಕಿಗಳು ಹೋಗುವ ತನಕ ಕಾದು ಮೆಲ್ಲಗೆ ಬಾಯಿ ಬಿಟ್ಟ.

“ಉಚ್ಚಂಗೆಮ್ಮ, ನಿನಗ ಬಿ.ಪಿ. ಐತಂತ ಕೇಳೀನಿ. ಸಾಯೋತನಕ ನಿನ್ನ ಔಷಧಿ ಪುಕ್ಕಟೆ. ಮನಿಗೇ ಕಳಸ್ತೀನಿ. ನೀ ಬೆಳಿಗ್ಗೆ ಬರಾದು ಬಿಡು.”

“ಪುಕ್ಕಟೆ ಔಷಧಿ ನಮ್ಮ ಮನಿಗೆ ಆಗಿ ಬರಂಗಿಲ್ರಿ. ನನ್ನ ಗಂಡಗ ಪುಕ್ಕಟೆ ಬಂದಿದ್ದು ಎಲ್ಲಿಗೆ ಹೋತು, ನಿಮಗ ಗೊತ್ತೈತಿ.”

ಇವಳಿಗೆ ಎಲ್ಲ ಗೊತ್ತಿದೆ ಅನ್ನುವುದು ಅವನಿಗೆ ಆಗ ತಿಳಿಯಿತು. “ಏನ್ ಬೇಕು ಹೇಳು ಮತ್ತ.”

“ಮಣ್ಣಿನಾಗ ನಿಂತು ಒಂದು ಮಾತು ಆಡಿದ್ರಲ್ಲ, ಎಣ್ಣಿ ತಿಂತು ಅಂತ. ಖರೇನ ಯಾರು ತಿಂದ್ರು ಅನ್ನಾದನ್ನ ನಾಳಿಗೆ ನಲ್ಲಿ ಮುಂದ ನಿಂತು ಹೇಳ್ರಿ.”

“ಹೇಳಿದ್ರ ಬರಾದು ಬಿಡ್ತೀಯಾ?”

“ಮೊದಲು ಹೇಳ್ರಿ. ಆಮ್ಯಾಲಿಂದು ಆಮ್ಯಾಲ.”

ಅವನು ಬಾಣಲೆಯ ಎಣ್ಣೆಯನ್ನೇ ನೋಡುತ್ತ ನಿಂತು, ತಲೆಯಾಡಿಸಿ ಹೋದ. ಉಚ್ಚಂಗೆಮ್ಮ ಆಗಲೇ ತಂಬ್ರಹಳ್ಳಿಗೆ ಫೋನ್ ಮಾಡಿ ಗಂಡನ ಅಕ್ಕ ಸುಮಲತಾಳನ್ನು ಕರೆದಳು. “ನನ್ನ ಮಾರಿ ನೋಡಾಕ ಬರಬ್ಯಾಡ್ರಿ. ನಿಮ್ಮ ತಮ್ಮ ಹೆಂಗ ಸತ್ತ ಅಂತ ಕೇಳಾಕ ಬರ್ರಿ.”

ಬೆಳಿಗ್ಗೆ ನೀರು ಬಂದಿತ್ತು. ನಲ್ಲಿಯ ಸುತ್ತ ಹೆಂಗಸರು, ಗಾದೆಪ್ಪನ ಚಹಾ ಗಿರಾಕಿಗಳು, ಮುಖ ಗಂಟಿಕ್ಕಿಕೊಂಡು ನಿಂತ ಸುಮಲತಾ. ಶಿವಯೋಗಪ್ಪ ಮೆಟ್ಟಿಲ ಮೇಲೆ ನಿಂತು ನೆಲ ನೋಡುತ್ತ ಏನೋ ಗೊಣಗಿದ.

“ಮಣ್ಣಿನಾಗ ಇಷ್ಟು ಸಣ್ಣ ದನಿಯಾಗ ಹೇಳಿರಲಿಲ್ಲಲ್ರಿ,” ಅಂದಳು ಉಚ್ಚಂಗೆಮ್ಮ.

ಅವನು ಹೇಳಿದ. ಓಬಳೇಶನ ಪುಕ್ಕಟೆ ಗುಳಿಗೆಯನ್ನು ತಾನು ಮಾರಿಕೊಂಡೆ ಅಂದ. ಸ್ಕೀಮು ಬಂದಿಲ್ಲ ಅಂದದ್ದು ಸುಳ್ಳು ಅಂದ. ಅವನು ಮಿರ್ಚಿ ಬಿಟ್ಟು ಗುಳಿಗೆ ಉಳಿಸುತ್ತಿದ್ದದ್ದು ತನಗೆ ಗೊತ್ತಿತ್ತು, ದಿನಾ ತಿನ್ನು ಅಂತ ಹೇಳಲಿಲ್ಲ ಅಂದ. “ಹೇಂತಿದು ಏನೂ ತಪ್ಪಿಲ್ಲ” ಅಂತ ಕೊನೆಗೆ ಅಂದ. ಕೊಡ ತುಂಬಿ ನೀರು ಹೊರಗೆ ಹರಿಯುತ್ತಿದ್ದರೂ ಯಾರೂ ನಲ್ಲಿ ನಿಲ್ಲಿಸಲಿಲ್ಲ.

ಸುಮಲತಾ ಬಂದು ಉಚ್ಚಂಗೆಮ್ಮನ ಕೊರಳಿಗೆ ಬಿದ್ದಳು. “ಒಂದೂ ತಿಂದಿರಲಿಲ್ಲೇನ ತಂಗಿ, ಒಂದು ಮಿರ್ಚಿನೂ?” ಅಂತ ಕೇಳಿ ಕೇಳಿ ಅತ್ತಳು. ಉಚ್ಚಂಗೆಮ್ಮನೂ ಅತ್ತಳು. ಗಂಡ ಸತ್ತ ದಿನದ ಅಳು ಅವತ್ತಿಗೆ ಪೂರಾ ಮುಗಿಯಿತು. ಅವತ್ತು ಅವಳು ಗುಳಿಗೆಯ ದರ ಕೇಳಲಿಲ್ಲ, ಸುಮಲತಾಳ ಕೈ ಹಿಡಿದುಕೊಂಡು ಮನೆಗೆ ಹೋದಳು. ಊರಿನವರು ಶಿವಯೋಗಪ್ಪನ ಮುಖಕ್ಕೆ ಉಗಿದರು. ಒಂದಿಬ್ಬರು ಮಾತ್ರ, ಏನೇ ಆಗಲಿ ಒಪ್ಪಿಕೊಂಡನಲ್ಲ, ದೊಡ್ಡ ಮನುಷ್ಯ ಅಂತ ಹೊಗಳಿದರು. ಅಂಥವರು ಎಲ್ಲ ಊರಿನಲ್ಲೂ ಇರುತ್ತಾರೆ.

ಮರುದಿನ ಶಿವಯೋಗಪ್ಪ ಹೊಸ ಊದಿನಕಡ್ಡಿ ಕಟ್ಟು ಒಡೆದು, ನಿರಾಳವಾಗಿ ಷಟರ್ ಎತ್ತಿದ. ಮೆಟ್ಟಿಲ ಮೇಲೆ ಉಚ್ಚಂಗೆಮ್ಮ ನಿಂತಿದ್ದಳು.

“ಗುಳಿಗಿ ಎಷ್ಟ್ರಿ ಸಾವ್ಕಾರ್ರ?”

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. “ನಿನ್ನೆ ಎಲ್ಲಾ ಹೇಳಿದ್ನಲ್ಲವಾ, ಊರ ಮುಂದ. ಇನ್ನೇನು ಉಳದೈತಿ?”

“ನಿನ್ನೆ ಕೊಟ್ಟಿದ್ದು ನನ್ನ ಹೆಸರು. ಅದು ನಂದು, ತಗಂಡೆ. ನನ್ನ ಗಂಡ ನಿಮಗ ಹನ್ನೆರಡು ವರ್ಷ ಬೋಣಿ ಮಾಡ್ಯಾನಲ್ರಿ, ಅದು ಅವಂದು. ಅದನ್ನ ದಿನಕ್ಕೊಂದರಂಗ ವಾಪಸ್ ಒಯ್ತೀನಿ.”

ಶಿವಯೋಗಪ್ಪ ಊದಿನಕಡ್ಡಿ ಹಚ್ಚಿ ದರ ಹೇಳಿದ.

“ಬ್ಯಾಡ,” ಅಂದು ಉಚ್ಚಂಗೆಮ್ಮ ಮೆಟ್ಟಿಲಿಳಿದು ಹೋದಳು.